ನಾನು ಇವತ್ತಿಗೂ ಮಾಸ್ಕ್ ಹಾಕುವುದು ಹೇಗೆ: ನನ್ನ ಅನುಭವ

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿದಾಗ ನಮ್ಮ ಆಫೀಸಿನಲ್ಲಿ ಮಾಸ್ಕ್ ಹಾಕುತ್ತಿದ್ದವರು ಮೂವರು. ತಿಂಗಳು ತುಂಬುವುದರೊಳಗೆ ನಾನೊಬ್ಬಳೇ ಉಳಿದೆ. ಈಗಲೂ ಒಬ್ಬಳೇ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಸಭೆಯಲ್ಲಿ, ಆಸ್ಪತ್ರೆಯಲ್ಲಿ ನನ್ನ ಮುಖದ ಮೇಲೆ ಎನ್95 ಇದ್ದೇ ಇರುತ್ತದೆ.

ಕಾರಣ ಮನೆಯಲ್ಲಿದೆ. ನನ್ನ ತಮ್ಮನಿಗೆ ಕಿಡ್ನಿ ಕಸಿ ಆಗಿದೆ, ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಹೊಸ ಕಿಡ್ನಿಯನ್ನು ದೇಹ ಹೊರಗಿನದೆಂದು ತಿರಸ್ಕರಿಸದಂತೆ ಅವನು ದಿನಾ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮಾತ್ರೆ ನುಂಗಬೇಕು. ಈ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನೇ ಅದುಮಿಡುತ್ತವೆ. ಲಸಿಕೆ ಹಾಕಿಸಿಕೊಂಡರೂ ಇಂಥವರಿಗೆ ಉಳಿದವರಷ್ಟು ರಕ್ಷಣೆ ಸಿಗುವುದಿಲ್ಲ. ಸೋಂಕು ತಗುಲಿದ ಮೇಲೂ ತೊಡಕು ತಪ್ಪಿದ್ದಲ್ಲ: ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಮಾತ್ರೆಯಲ್ಲಿ ರಿಟೊನಾವಿರ್ ಎಂಬ ಔಷಧಿ ಇದೆ, ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ವಿಪರೀತ ಏರಿಸಿಬಿಡುತ್ತದೆ. ಹಾಗಾಗಿ ನಮಗೆ ಬರದಂತೆ ನೋಡಿಕೊಳ್ಳುವುದೇ ಮುಖ್ಯ ಔಷಧಿ.

ಆದರೂ ಒಮ್ಮೆ ಬಂತು. ತಂದವಳು ನಾನೇ. ಮುಚ್ಚಿದ ಕೋಣೆಯೊಂದರಲ್ಲಿ ಒಬ್ಬರ ಬೀಳ್ಕೊಡುಗೆ, ಇಪ್ಪತ್ತು ಜನ. ಎರಡು ಗಂಟೆ ಮಾಸ್ಕ್ ಹಾಕಿಕೊಂಡೇ ಇದ್ದೆ, ತೆಗೆದಿರಲಿಲ್ಲ. ಮೂರನೇ ದಿನ ಗಂಟಲು ಕೆರೆತ, ಐದನೇ ದಿನ ತಮ್ಮನಿಗೆ ಜ್ವರ. ಆಸ್ಪತ್ರೆಗೆ ಸೇರಿಸಿದೆವು. ಮೈಕೊಫಿನೊಲೇಟ್ ಕೆಲವು ದಿನ ನಿಲ್ಲಿಸಿದರು. ಜ್ವರ ಇಳಿಯಿತು, ಆದರೆ ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯ ಅಂಕಿ ಹಳೆಯ ಮಟ್ಟಕ್ಕೆ ಮರಳಲೇ ಇಲ್ಲ. ಆ ಅಂಕಿಯನ್ನು ಇವತ್ತಿಗೂ ಪ್ರತಿ ರಿಪೋರ್ಟಿನಲ್ಲಿ ನೋಡುತ್ತೇನೆ, ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾಸ್ಕ್ ಹಾಕಿಯೂ ಹೀಗೇಕಾಯಿತೆಂದು ಕೂತು ಯೋಚಿಸಿದಾಗ ಗೊತ್ತಾಗಿದ್ದು ಇಷ್ಟು: ನಾನು ಹಾಕಿದ್ದು ನೀಲಿ ಬಣ್ಣದ ಸರ್ಜಿಕಲ್ ಮಾಸ್ಕ್. ಕೆನ್ನೆಯ ಎರಡೂ ಕಡೆ ಬೆರಳು ತೂರುವಷ್ಟು ಸಂದು. ಆ ಎರಡು ಗಂಟೆಯುದ್ದಕ್ಕೂ ನನ್ನ ಕನ್ನಡಕ ಮಂಜಾಗುತ್ತಲೇ ಇತ್ತು, ನಾನು ಒರೆಸಿಕೊಳ್ಳುತ್ತಲೇ ಇದ್ದೆ. ಉಸಿರು ಮೇಲಿನಿಂದ ಹೊರಗೆ ಹೋಗುತ್ತಿದೆ ಎಂದರೆ ಕೋಣೆಯ ಗಾಳಿಯೂ ಅದೇ ದಾರಿಯಲ್ಲಿ ಒಳಗೆ ಬರುತ್ತಿದೆ. ಕನ್ನಡಕ ಎರಡು ಗಂಟೆ ಅದನ್ನೇ ಹೇಳುತ್ತಿತ್ತು, ನನಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಮಾಸ್ಕ್ ಎಂದರೇನೆಂದು ಸರಿಯಾಗಿ ಕಲಿತೆ. ಎನ್95 ಎಂದರೆ 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಕಣಗಳಲ್ಲಿ ಕನಿಷ್ಠ 95 ಶೇಕಡ ತಡೆಯುವಂಥದ್ದು. ವೈರಸ್ಸು ಅದಕ್ಕಿಂತ ಸಣ್ಣದು, ಹಾಗಾಗಿ ನುಸುಳಿ ಬಂದೇ ಬರುತ್ತದೆ ಎಂದು ಹಲವರು ನನ್ನೊಂದಿಗೆ ವಾದಿಸಿದ್ದಾರೆ. ಇದು ಜರಡಿಯ ಲೆಕ್ಕವಲ್ಲ. ಒಳಪದರದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳಲ್ಲಿ ಸ್ಥಿರವಿದ್ಯುತ್ತಿನ ಚಾರ್ಜ್ ಇರುತ್ತದೆ, ಹತ್ತಿರ ಬಂದ ಕಣವನ್ನು ಅದು ಸೆಳೆದು ಹಿಡಿಯುತ್ತದೆ. ತೀರಾ ಸಣ್ಣ ಕಣಗಳು ನೆಟ್ಟಗೆ ಹೋಗುವುದಿಲ್ಲ, ಅತ್ತಿತ್ತ ಓಲಾಡುತ್ತಾ ಯಾವುದಾದರೊಂದು ಎಳೆಗೆ ತಗುಲಿಕೊಳ್ಳುತ್ತವೆ. ಹಿಡಿಯಲು ಕಷ್ಟವಾದದ್ದೆಂದು ಎಣಿಸಿದ್ದು 0.3ರ ಆಸುಪಾಸಿನದು, ಅದಕ್ಕೇ ಪರೀಕ್ಷೆ ಆ ಗಾತ್ರದಲ್ಲಿ. ಈ ಚಾರ್ಜ್ ಇರುವುದರಿಂದಲೇ ಎನ್95 ಮಾಸ್ಕನ್ನು ಸೋಪು ಹಾಕಿ ಒಗೆಯಬಾರದು, ಸ್ಯಾನಿಟೈಸರ್ ಸಿಂಪಡಿಸಬಾರದು. ಒಗೆದದ್ದು ನೋಡಲು ಶುಭ್ರವಾಗಿರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಇದು ತಿಳಿಯದೆ ಮೊದಲ ವರ್ಷ ನಾಲ್ಕಾರು ಮಾಸ್ಕ್ ಒಗೆದು ಹಾಳುಮಾಡಿದ್ದೇನೆ.

ಮಾಸ್ಕಿನ ಪದರ ಎಷ್ಟೇ ಒಳ್ಳೆಯದಿದ್ದರೂ ಅಂಚು ಮುಖಕ್ಕೆ ಕೂರದಿದ್ದರೆ ಪ್ರಯೋಜನವಿಲ್ಲ. ಕಿವಿಗೆ ಸಿಕ್ಕಿಸುವ ಎಲಾಸ್ಟಿಕ್ ನನಗೆ ಆಗಿಬರಲಿಲ್ಲ, ಗಲ್ಲದ ಹತ್ತಿರ ಸಡಿಲವಾಗುತ್ತಿತ್ತು. ತಲೆಯ ಹಿಂದೆ ಎರಡು ಪಟ್ಟಿ ಬರುವ ಮಾಸ್ಕಿಗೆ ಬದಲಾಯಿಸಿದೆ: ಒಂದು ನೆತ್ತಿಯ ಹಿಂಭಾಗಕ್ಕೆ, ಇನ್ನೊಂದು ಕಿವಿಯ ಕೆಳಗಿಂದ ಕುತ್ತಿಗೆಗೆ. ಮೂರು ನಾಲ್ಕು ಮಾದರಿ ನೋಡಿದ ಮೇಲೆ ಒಂದು ನನ್ನ ಮೂಗಿನ ಆಕಾರಕ್ಕೆ ಹೊಂದಿತು. ನನಗೆ ಹೊಂದಿದ್ದು ತಮ್ಮನಿಗೆ ಹೊಂದಲಿಲ್ಲ, ಅವನ ಮುಖ ಅಗಲ. ಗಡ್ಡ ಬಿಟ್ಟರೆ ಅಂಚು ಚರ್ಮಕ್ಕೆ ತಾಗುವುದಿಲ್ಲವೆಂದು ಅವನು ಗಡ್ಡವನ್ನೂ ತೆಗೆದ.

ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒಟ್ಟಿಗೆ ಒತ್ತಬೇಕು, ನಡುವಿನಿಂದ ಆಚೀಚೆ ಸರಿಸುತ್ತಾ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಗುಬುಟು ಎದ್ದು ಅಲ್ಲೇ ಸಂದು ಬೀಳುತ್ತದೆ. ಆಮೇಲೆ ಅಂಗೈಗಳನ್ನು ಮಾಸ್ಕಿನ ಮೇಲೆ ಹಗುರಾಗಿ ಇಟ್ಟು ಜೋರಾಗಿ ಉಸಿರು ಬಿಡುತ್ತೇನೆ. ಕಣ್ಣಿನ ಹತ್ತಿರ ಗಾಳಿ ತಾಗಿದರೆ ಪಟ್ಟಿ ಮತ್ತೆ ಒತ್ತಬೇಕು. ಜೋರಾಗಿ ಎಳೆದುಕೊಂಡರೆ ಮಾಸ್ಕ್ ಕೊಂಚ ಒಳಗೆ ಕುಗ್ಗಬೇಕು. ಹತ್ತು ಸೆಕೆಂಡಿನ ಕೆಲಸ. ಹೊರಡುವ ಮೊದಲು ಬಾಗಿಲಲ್ಲೇ ಮಾಡುತ್ತೇನೆ. "ಅಕ್ಕಾ, ಕನ್ನಡಕ ನೋಡ್ಕೊ" ಎಂದು ತಮ್ಮ ಒಳಗಿನಿಂದಲೇ ನೆನಪಿಸುತ್ತಾನೆ.

ಒಂದು ಮಾಸ್ಕ್ ಒಂದೇ ದಿನಕ್ಕೆ ಎಸೆಯುವುದು ನಮಗೆ ಕಟ್ಟುವುದಿಲ್ಲ. ಐದು ಕಾಗದದ ಲಕೋಟೆ ಇಟ್ಟಿದ್ದೇನೆ, ಮೇಲೆ ವಾರದ ಹೆಸರು. ಸೋಮವಾರ ಹಾಕಿದ್ದು ಮುಂದಿನ ಸೋಮವಾರದವರೆಗೆ ಲಕೋಟೆಯಲ್ಲಿ ಒಣಗುತ್ತದೆ, ಅಷ್ಟರಲ್ಲಿ ಮೇಲೆ ಅಂಟಿದ ವೈರಸ್ಸೂ ಸತ್ತಿರುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ತೇವ ಉಳಿಯುತ್ತದೆ. ಪಟ್ಟಿ ಸಡಿಲಾದರೆ, ಕೊಳೆಯಾದರೆ, ಉಸಿರೆಳೆಯುವುದು ಬಿಗಿಯಾದರೆ ಅದು ಕಸಕ್ಕೆ.

ಎಲ್ಲಿ ಹಾಕಬೇಕು, ಎಲ್ಲಿ ಬೇಡ ಎಂಬ ಲೆಕ್ಕವನ್ನು ಕಲಿಸಿದ್ದು ಒಂದು ಪುಟ್ಟ ಇಂಗಾಲದ ಡೈಆಕ್ಸೈಡ್ ಮೀಟರ್. ಬಯಲಿನಲ್ಲಿ ಅದು 420ರ ಆಸುಪಾಸು ತೋರಿಸುತ್ತದೆ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 420 ಭಾಗ. ನಮ್ಮ ಸಭೆಯ ಕೋಣೆಯಲ್ಲಿ ಹನ್ನೆರಡು ಜನ ಬಾಗಿಲು ಹಾಕಿಕೊಂಡು ಕೂತರೆ ಮುಕ್ಕಾಲು ಗಂಟೆಯಲ್ಲಿ 1900. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ಸುಮಾರು 4 ಶೇಕಡ, ಅಂದರೆ 40,000. 1900ರಲ್ಲಿ ಬಯಲಿನ 420 ಕಳೆದು 40,000ದಿಂದ ಭಾಗಿಸಿದರೆ ಆ ಕೋಣೆಯಲ್ಲಿ ಪ್ರತಿ ನೂರು ಉಸಿರಿಗೆ ಮೂರು ನಾಲ್ಕು ಉಸಿರು ಆಗಲೇ ಯಾರದೋ ಶ್ವಾಸಕೋಶದೊಳಗೆ ಹೋಗಿ ಬಂದದ್ದು. ಕೋವಿಡ್ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡಬಲ್ಲದು, ಹಾಗಾಗಿ ಎದುರಿಗಿರುವವರು ಕೆಮ್ಮುತ್ತಿಲ್ಲ ಎಂಬುದರ ಮೇಲೆ ಭರವಸೆ ಇಡಲಾಗುವುದಿಲ್ಲ. ಬಯಲಿನಲ್ಲಿ ನಡೆಯುವಾಗ ನಾನು ಮಾಸ್ಕ್ ತೆಗೆಯುತ್ತೇನೆ. ಗೋಡೆ, ಸೂರು, ಮುಚ್ಚಿದ ಕಿಟಕಿ ಇರುವಲ್ಲಿ ತೆಗೆಯುವುದಿಲ್ಲ. ಊಟ ಹೊರಗೆ ಗಾಳಿಯಲ್ಲಿ, ಇಲ್ಲವೇ ಎಲ್ಲರೂ ಎದ್ದ ಮೇಲೆ.

ಮಾತುಗಳಿಗೇನೂ ಬರವಿಲ್ಲ. "ಇನ್ನೂ ಹಾಕ್ತೀರಾ ಮೇಡಂ? ಕೊರೊನಾ ಹೋಗಿ ಯಾವ ಕಾಲವಾಯ್ತು!" ಮೊದಮೊದಲು ತಮ್ಮನ ಕಾಯಿಲೆಯ ಕಥೆಯನ್ನೆಲ್ಲ ಬಿಡಿಸಿ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ, ಅವನ ಆರೋಗ್ಯ ಲಿಫ್ಟಿನಲ್ಲಿ ನಿಂತವರಿಗೆಲ್ಲ ಒಪ್ಪಿಸಬೇಕಾದ ಲೆಕ್ಕವಲ್ಲ. "ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ" ಎನ್ನುತ್ತೇನೆ, ಹೆಚ್ಚಿನವರು ಅಷ್ಟಕ್ಕೇ ಸುಮ್ಮನಾಗುತ್ತಾರೆ. ಕೆಲವರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ, ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ವಾದಕ್ಕೆ ನಿಂತವರ ಎದುರು ನನಗೆ ಚೀನಾದ ಈಶಾನ್ಯ ಭಾಗದ, 1911ರ ಮಂಚೂರಿಯಾ ನೆನಪಾಗುತ್ತದೆ. ಅಲ್ಲಿ ಶ್ವಾಸಕೋಶಕ್ಕೆ ತಗುಲುವ ನ್ಯುಮೋನಿಕ್ ಪ್ಲೇಗ್ ಹಬ್ಬಿದ್ದಾಗ ವು ಲಿಯೆನ್-ಟೆ ಎಂಬ ವೈದ್ಯರು ಇದು ಉಸಿರಿನಿಂದ ಹರಡುತ್ತಿದೆ, ಹತ್ತಿಯ ಮಾಸ್ಕ್ ಕಟ್ಟಿ ಎಂದರು. ಹಿರಿಯ ಫ್ರೆಂಚ್ ವೈದ್ಯ ಮೆನಿ ಅದನ್ನು ತಳ್ಳಿಹಾಕಿ ಬರಿಮುಖದಲ್ಲೇ ರೋಗಿಗಳನ್ನು ನೋಡಲು ಹೋದರು, ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಕೊಂಡರು. ಸುಮಾರು 60,000 ಜನ ಆ ಪ್ಲೇಗಿನಲ್ಲಿ ಸತ್ತರು. ಈ ಕಥೆಯನ್ನು ಯಾರ ಮುಖಕ್ಕೂ ಹೇಳಿಲ್ಲ. ನನ್ನ ಮಟ್ಟಿಗೆ ಅದು ಧೈರ್ಯ.

ಕಷ್ಟ ಇಲ್ಲವೆಂದಲ್ಲ. ಸಂಜೆಗೆ ಮೂಗಿನ ಮೇಲೆ ಕೆಂಪು ಗೆರೆ ಮೂಡಿರುತ್ತದೆ. ಕಿವಿ ಮಂದವಾದ ಹಿರಿಯರಿಗೆ ನನ್ನ ಮಾತು ತಿಳಿಯುವುದಿಲ್ಲ, ಅವರು ತುಟಿ ನೋಡಿ ಅರ್ಥಮಾಡಿಕೊಳ್ಳುವವರು. ಅವರನ್ನು ಹೊರಗೆ ಕರೆದುಕೊಂಡು ಹೋಗಿ, ಮಾಸ್ಕ್ ತೆಗೆದು, ನಿಧಾನಕ್ಕೆ ಮಾತಾಡುತ್ತೇನೆ.

ಇವತ್ತಿಗೂ ಪೂರ್ತಿ ಉಪಾಯ ಸಿಗದೆ ಉಳಿದಿರುವುದು ಹಲ್ಲಿನ ವೈದ್ಯರ ಕುರ್ಚಿ. ಬಾಯಿ ತೆರೆಯಲೇಬೇಕು. ದಿನದ ಮೊದಲ ಸರದಿಯನ್ನೇ ಕೇಳಿ ಪಡೆಯುತ್ತೇನೆ, ರಾತ್ರಿಯಿಡೀ ಯಾರೂ ಉಸಿರಾಡದ ಕೋಣೆ ಅದು. ಸರದಿ ಬರುವವರೆಗೆ ಹೊರಗೆ ನಿಲ್ಲುತ್ತೇನೆ, ಕಿಟಕಿ ತೆರೆಯಲು ಕೇಳಿಕೊಳ್ಳುತ್ತೇನೆ. ಕುರ್ಚಿ ಪೂರ್ತಿ ಹಿಂದಕ್ಕೆ ಬಾಗಿ, ಅವರು ಕನ್ನಡಿ ಕೈಗೆತ್ತಿಕೊಂಡ ಮೇಲಷ್ಟೇ ಮಾಸ್ಕ್ ಕೆಳಗಿಳಿಸುತ್ತೇನೆ. ಬಾಯಿ ಮುಕ್ಕಳಿಸಿ ಉಗಿದ ಕೂಡಲೇ ಮತ್ತೆ ಮೇಲಕ್ಕೆ, ಎರಡೂ ಕೈಯಿಂದ ಪಟ್ಟಿ ಒತ್ತಿ, ಒಂದು ಸಲ ಜೋರಾಗಿ ಉಸಿರು ಬಿಟ್ಟು ನೋಡಿ, ಆಮೇಲೆ ಕುರ್ಚಿಯಿಂದ ಇಳಿಯುತ್ತೇನೆ.