ಎಂಬ್ರಾಯ್ಡರಿ ಮೆಷಿನ್ ಮನೆಗೆ ಬಂತು, ಇನ್ನು ತೋಳಿನ ಮೇಲೆ ಮೊದಲ ಬುಟ್ಟಾ

ಹೊಸ ಎಂಬ್ರಾಯ್ಡರಿ ಮೆಷಿನ್‌ನಲ್ಲಿ ಮೊದಲ ಕೆಲಸ ಕೆಟ್ಟರೆ ಬೈಗುಳ ಬೀಳುವುದು ಡಿಸೈನಿಗೆ, ಇಲ್ಲವೇ ಮೆಷಿನ್ನಿಗೆ. ತಪ್ಪು ಅವೆರಡರದ್ದೂ ಆಗಿರುವುದು ಕಡಿಮೆ. ಬಟ್ಟೆಯನ್ನು ಫ್ರೇಮಿಗೆ ಬಿಗಿಯುವಾಗ, ಅದರ ಅಡಿಯಲ್ಲಿ ಪೇಪರ್ ಇಡುವಾಗ, ದಾರ ಪೋಣಿಸುವಾಗಲೇ ಕೆಲಸದ ಹಣೆಬರಹ ಬರೆದಾಗಿರುತ್ತದೆ. ಸ್ಟಾರ್ಟ್ ಗುಂಡಿ ಒತ್ತಿದ ಮೇಲೆ ಮೆಷಿನ್ ತನಗೆ ಕೊಟ್ಟಿದ್ದನ್ನು ಹೊಲಿಯುತ್ತದೆ, ಅಷ್ಟೆ.

ಒಂದೇ ಕೆಲಸವನ್ನು ಹಿಡಿದು ಪೂರ್ತಿ ನೋಡೋಣ. ಮೆಷಿನ್: 10×10 ಸೆಂ.ಮೀ. ಫ್ರೇಮಿನ, ಒಂದೇ ಸೂಜಿಯ, ಮನೆಬಳಕೆಯ ಕಂಪ್ಯೂಟರ್ ಮೆಷಿನ್. ಬಟ್ಟೆ: ಕತ್ತರಿಸದ ಹತ್ತಿ ಬ್ಲೌಸ್ ಪೀಸ್. ಕೆಲಸ: ಎರಡೂ ತೋಳಿಗೆ ಒಂದೊಂದು ಮಾವಿನಕಾಯಿ ಬುಟ್ಟಾ, 8 ಸೆಂ.ಮೀ. ಎತ್ತರ, ಮೂರು ಬಣ್ಣ, ಸುಮಾರು 9,000 ಹೊಲಿಗೆ. ರೇಷ್ಮೆ, ವೆಲ್ವೆಟ್, ಟಿ-ಶರ್ಟ್ ಬಟ್ಟೆ ಯಾವುದನ್ನೂ ಮೊದಲ ಸಲಕ್ಕೆ ಮುಟ್ಟಬೇಡಿ. ಮದುವೆ ಬ್ಲೌಸನ್ನಂತೂ ಬೇಡವೇ ಬೇಡ.

ಏನೇನು ಬೇಕು

ಸೂಜಿ 75/11 ಎಂಬ್ರಾಯ್ಡರಿ ಸೂಜಿ. ಇದರ ಕಣ್ಣು ಸಾಮಾನ್ಯ ಸೂಜಿಗಿಂತ ದೊಡ್ಡದು, ದಾರ ಉಜ್ಜುವುದು ಕಡಿಮೆ. ಎಂಟು ಗಂಟೆ ಹೊಲಿಗೆಗೆ ಒಂದು ಸೂಜಿ ಎಂದು ಲೆಕ್ಕ ಇಟ್ಟುಕೊಳ್ಳಿ. ಮುರಿಯುವವರೆಗೂ ಬದಲಿಸದೆ ಇರುವುದು ನಮ್ಮ ಹೊಲಿಗೆ ಮೆಷಿನ್ ಕಾಲದ ಅಭ್ಯಾಸ, ಇಲ್ಲಿ ಅದು ನಡೆಯುವುದಿಲ್ಲ. ಮೊಂಡಾದ ಸೂಜಿ ಮೊದಲು ದಾರ ಹರಿಯುತ್ತದೆ, ಆಮೇಲೆ ಬಟ್ಟೆ.

ಮೇಲ್ದಾರ 40 ನಂಬರಿನ ಪಾಲಿಯೆಸ್ಟರ್ ಎಂಬ್ರಾಯ್ಡರಿ ದಾರ. ರೇಯಾನ್ ದಾರಕ್ಕೆ ಹೊಳಪು ಚೆಂದ, ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ, ಬ್ಲೀಚ್ ತಾಗಿದರೆ ಬಣ್ಣವೂ ಹೋಗುತ್ತದೆ. ಪದೇಪದೇ ಒಗೆಯುವ ಬಟ್ಟೆಗೆ ಪಾಲಿಯೆಸ್ಟರೇ ಸರಿ. ಬಾಬಿನ್‌ಗೆ 60 ಅಥವಾ 90 ನಂಬರಿನ ಸಣ್ಣ ಬಿಳಿ ದಾರ ಸಿಗುತ್ತದೆ, ಅದನ್ನೇ ತನ್ನಿ. ಸಾಮಾನ್ಯ ಹೊಲಿಗೆ ದಾರವನ್ನು ಬಾಬಿನ್‌ಗೆ ಸುತ್ತಿದರೆ ಬುಟ್ಟಾ ಹಿಂಬದಿಯಲ್ಲಿ ದಪ್ಪಗೆ ಗಟ್ಟಿಯಾಗಿ ತೋಳಿಗೆ ಚುಚ್ಚುತ್ತದೆ. ಬಾಬಿನ್ ಕೂಡ ಮೆಷಿನ್ ಜೊತೆ ಬಂದ ಬಗೆಯದೇ ಆಗಬೇಕು. ನೋಡಲು ಒಂದೇ ಥರ ಕಂಡರೂ ಒಂದೆರಡು ಮಿಲಿಮೀಟರ್ ಎತ್ತರದ ವ್ಯತ್ಯಾಸಕ್ಕೇ ಟೆನ್ಷನ್, ಅಂದರೆ ದಾರದ ಬಿಗಿ, ಕೆಡುತ್ತದೆ.

ಇನ್ನು ತುದಿ ಬಾಗಿದ ಸಣ್ಣ ಕತ್ತರಿ, ನೀರಿಗೆ ಅಳಿಯುವ ಮಾರ್ಕರ್ ಪೆನ್, ಮತ್ತು ಪೇಪರ್.

ಪೇಪರ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು

ಸೂಜಿ ಒಂದೇ ಜಾಗದಲ್ಲಿ ಸಾವಿರಾರು ಸಲ ಚುಚ್ಚಿ ದಾರ ಎಳೆಯುವಾಗ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ಹಾಗೆ ಸೇದದಂತೆ ಹಿಡಿದಿಡುವುದೇ ಅಡಿಗೆ ಹಾಕುವ ಪೇಪರಿನ ಕೆಲಸ. ಚಿಕ್ಕಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಬರೀ ‘ಎಂಬ್ರಾಯ್ಡರಿ ಪೇಪರ್’ ಎಂದು ಕೇಳಿದರೆ ಯಾವುದೋ ಒಂದನ್ನು ಕೊಡುತ್ತಾರೆ. ಅದರಲ್ಲಿ ಮೂರು ಜಾತಿ ಇದೆ ಎಂದು ತಿಳಿದು ಕೇಳಿ.

ಕಟ್-ಅವೇ: ಎಳೆದರೆ ಹರಿಯುವುದಿಲ್ಲ. ಕೆಲಸ ಮುಗಿದ ಮೇಲೆ ಅಂಚಿನಲ್ಲಿ ಕತ್ತರಿಸಿ ಉಳಿದದ್ದನ್ನು ಬುಟ್ಟಾದ ಹಿಂದೆಯೇ ಬಿಡುವುದು. ಹಿಗ್ಗುವ ಬಟ್ಟೆಗೆ ಇದೇ ಬೇಕು, ಹೊಲಿಗೆ ದಟ್ಟವಿರುವ ಡಿಸೈನಿಗೂ ಇದೇ. ಟೇರ್-ಅವೇ: ಕಾಗದದಂತೆ ಹರಿದು ತೆಗೆಯಬಹುದು; ಗಟ್ಟಿ ನೇಯ್ಗೆಯ ಹತ್ತಿ, ಕ್ಯಾನ್ವಾಸ್‌ ಚೀಲ, ಹಗುರ ಡಿಸೈನ್ ಇವಕ್ಕೆ ಸಾಕು. ನೀರಲ್ಲಿ ಕರಗುವ ಪೇಪರ್: ನೆಟ್, ಆರ್ಗಂಜಾ ಬಟ್ಟೆಗಳಿಗೆ. ಇದೇ ಜಾತಿಯ ತೆಳು ಹಾಳೆಯನ್ನು ಟವೆಲ್‌ ಮೇಲ್ಗಡೆಯೂ ಹಾಸುತ್ತಾರೆ, ಇಲ್ಲದಿದ್ದರೆ ಹೊಲಿಗೆ ಟವೆಲಿನ ಎಳೆಗಳೊಳಗೆ ಮುಳುಗಿಹೋಗುತ್ತದೆ.

ನಮ್ಮ 9,000 ಹೊಲಿಗೆಯ ಬುಟ್ಟಾಕ್ಕೆ ಮಧ್ಯಮ ದಪ್ಪದ ಕಟ್-ಅವೇ ಒಂದು ಪದರ. ಹಳೇ ನ್ಯೂಸ್ ಪೇಪರ್ ಇಟ್ಟರೂ ಆಗುತ್ತದೆ ಎನ್ನುವವರಿದ್ದಾರೆ. ಸೂಜಿ ನಾಲ್ಕು ಸಲ ಚುಚ್ಚುವಷ್ಟರಲ್ಲಿ ಅದು ಚೂರುಚೂರು, ಮಸಿ ಬಟ್ಟೆಗೆ ಹತ್ತುವುದು ಬೇರೆ. ಕಾಲರಿಗೆ ಹಾಕುವ ಬಕ್ರಂ ಕೂಡ ಇದಕ್ಕೆ ಅಲ್ಲ, ತೋಳು ತಗಡಿನಂತೆ ನಿಲ್ಲುತ್ತದೆ.

ಕತ್ತರಿಸುವ ಮೊದಲು ಗುರುತು

ಬ್ಲೌಸ್ ಕತ್ತರಿಸಿದ ಮೇಲೆ ಎಂಬ್ರಾಯ್ಡರಿ ಮಾಡಲು ಹೋದರೆ ಫ್ರೇಮಿಗೆ ಹಿಡಿಯಲು ಬಟ್ಟೆಯೇ ಸಾಲುವುದಿಲ್ಲ. ಜೊತೆಗೆ ಹೊಲಿಗೆ ಬಿದ್ದ ಕಡೆ ಬಟ್ಟೆ ಒಂಚೂರು ಕುಗ್ಗಿ ತೋಳಿನ ಅಳತೆ ತಪ್ಪುತ್ತದೆ. ಆದ್ದರಿಂದ ಪೀಸನ್ನು ಒಮ್ಮೆ ನೀರಿಗೆ ಹಾಕಿ ಒಣಗಿಸಿ, ಇಸ್ತ್ರಿ ಮಾಡಿ, ಎರಡೂ ತೋಳಿನ ಆಕಾರ ಬರೆಯಿರಿ. ಎರಡರ ನಡುವೆ ಫ್ರೇಮು ಆರಾಮಾಗಿ ಕೂರುವಷ್ಟು ಜಾಗ ಇರಲಿ. ಫ್ರೇಮಿನ ಹೊರಗೂ ನಾಲ್ಕೂ ಕಡೆ 3 ಸೆಂ.ಮೀ. ಬಟ್ಟೆ ಬೇಕು.

ತೋಳಿನ ನಟ್ಟನಡುವೆ ಭುಜದಿಂದ ಅಂಚಿನವರೆಗೆ ಒಂದು ನೇರ ಗೆರೆ ಎಳೆಯಿರಿ. ತೋಳಿನ ಅಂಚು 2.5 ಸೆಂ.ಮೀ. ಒಳಕ್ಕೆ ಮಡಿಸುವಿರಿ ಎಂದುಕೊಳ್ಳೋಣ. ಆ ಮಡಿಕೆ ಗೆರೆಯಿಂದ 2 ಸೆಂ.ಮೀ. ಮೇಲೆ ಬುಟ್ಟಾದ ಬುಡ ಬರಬೇಕು. ಬುಟ್ಟಾ 8 ಸೆಂ.ಮೀ. ಎತ್ತರ ಇರುವುದರಿಂದ ಅದರ ನಡುಬಿಂದು ಮಡಿಕೆಯಿಂದ 6 ಸೆಂ.ಮೀ. ಮೇಲೆ. ಅಲ್ಲಿ ಅಡ್ಡ ಗೆರೆ ಎಳೆದು ಪ್ಲಸ್ ಗುರುತು ಮಾಡಿ. ಮಾರ್ಕರ್ ಗುರುತಿನ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಬೇಡಿ, ಕೆಲವು ಪೆನ್ನುಗಳ ಬಣ್ಣ ಬಿಸಿ ತಾಗಿದರೆ ಬಟ್ಟೆಗೇ ಕಚ್ಚಿಕೊಳ್ಳುತ್ತದೆ.

ಈ ಹಂತದಲ್ಲೇ ಇನ್ನೊಂದನ್ನು ಚೀಟಿ ಬರೆದು ಬಟ್ಟೆಗೆ ಪಿನ್ ಹಾಕಿ: ‘ಎಡ’, ‘ಬಲ’. ಮಾವಿನಕಾಯಿಯ ಬಾಗಿದ ತುದಿ ಎರಡೂ ತೋಳಿನಲ್ಲಿ ಎದೆಯ ಕಡೆಗೇ ತಿರುಗಿರಬೇಕು. ಒಂದೇ ಡಿಸೈನನ್ನು ಎರಡು ಸಲ ಹೊಲಿದರೆ ಒಂದು ಮುಂದೆ ನೋಡುತ್ತದೆ, ಇನ್ನೊಂದು ಬೆನ್ನ ಹಿಂದೆ. ಎರಡನೇ ತೋಳಿಗೆ ಮೆಷಿನ್‌ನಲ್ಲಿ ಮಿರರ್ ಗುಂಡಿ ಒತ್ತಿ ಡಿಸೈನನ್ನು ಎಡಬಲ ತಿರುಗಿಸಲೇಬೇಕು. ಇದು ಬ್ಲೌಸ್ ಕೆಲಸದಲ್ಲಿ ಅತಿ ಹೆಚ್ಚು ಆಗುವ, ಬಿಚ್ಚಿ ಸರಿಮಾಡಲು ಅತಿ ಕಷ್ಟದ ತಪ್ಪು.

ಫ್ರೇಮಿಗೆ ಹಾಕುವುದು

ಹೊರಗಿನ ಚೌಕಟ್ಟಿನ ಸ್ಕ್ರೂ ಚೆನ್ನಾಗಿ ಸಡಿಲಿಸಿ ಮೇಜಿನ ಮೇಲಿಡಿ. ಅದರ ಮೇಲೆ ಪೇಪರ್, ಪೇಪರ್ ಮೇಲೆ ಬಟ್ಟೆ. ಪೇಪರ್ ಕೂಡ ಫ್ರೇಮಿಗಿಂತ ನಾಲ್ಕೂ ಕಡೆ 2-3 ಸೆಂ.ಮೀ. ದೊಡ್ಡದಿರಲಿ. ಫ್ರೇಮಿನ ಜೊತೆ ಬಂದ ಚೌಕುಳಿ ಗೆರೆಯ ಪ್ಲಾಸ್ಟಿಕ್ ಹಾಳೆಯನ್ನು ಒಳ ಚೌಕಟ್ಟಿಗೆ ಕೂರಿಸಿ, ಅದರ ನಡುಗೆರೆಗಳನ್ನು ನಿಮ್ಮ ಪ್ಲಸ್ ಗುರುತಿಗೆ ಹೊಂದಿಸಿ, ಎರಡೂ ಅಂಗೈಯಿಂದ ನೇರ ಕೆಳಕ್ಕೆ ಒತ್ತಿ.

ಈಗ ಸ್ಕ್ರೂ ಅರ್ಧ ಬಿಗಿ ಮಾಡಿ. ಸುಕ್ಕಿದ್ದರೆ ಬಟ್ಟೆಯ ಎಳೆ ಹೋದ ದಿಕ್ಕಿನಲ್ಲೇ, ಉದ್ದಕ್ಕೆ ಮತ್ತು ಅಡ್ಡಕ್ಕೆ ಮಾತ್ರ, ಮೆಲ್ಲಗೆ ಸರಿಮಾಡಿ. ಮೂಲೆ ಹಿಡಿದು ಓರೆಯಾಗಿ ಜಗ್ಗಬಾರದು. ಆಮೇಲೆ ಪೂರ್ತಿ ಬಿಗಿ. ಬೆರಳಲ್ಲಿ ತಟ್ಟಿದರೆ ಡಬ್ ಎನ್ನಬೇಕು, ಆದರೆ ಬಟ್ಟೆಯ ನೇಯ್ಗೆಯ ಎಳೆಗಳು ನೆಟ್ಟಗೇ ಇರಬೇಕು. ಎಳೆಗಳು ಬಿಲ್ಲಿನಂತೆ ಬಾಗಿ ಕಂಡರೆ ಜಾಸ್ತಿ ಎಳೆದಿದ್ದೀರಿ ಎಂದರ್ಥ. ಎಳೆದು ಹಿಗ್ಗಿದ ಬಟ್ಟೆಯ ಮೇಲೆ ಹೊಲಿಗೆ ಬೀಳುತ್ತದೆ, ಫ್ರೇಮ್ ತೆಗೆದ ಕ್ಷಣ ಬಟ್ಟೆ ತನ್ನ ಅಳತೆಗೆ ವಾಪಸ್ ಹೋಗುತ್ತದೆ, ಹೊಲಿಗೆ ಹೋಗುವುದಿಲ್ಲ. ಬುಟ್ಟಾದ ಸುತ್ತ ಹಪ್ಪಳದಂತೆ ಏಳುವ ನಿರಿಗೆ ಅಲ್ಲಿಂದ ಬರುವುದು. ಎಷ್ಟು ಇಸ್ತ್ರಿ ಮಾಡಿದರೂ ಅದು ಕೂರುವುದಿಲ್ಲ.

ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆಯಬೇಡಿ. ಫ್ರೇಮನ್ನು ಮೆಷಿನ್ನಿಗೆ ಸಿಕ್ಕಿಸಿದ ಮೇಲೆ ಅಡಿಗೆ ಕೈ ಹಾಕಿ ಒಮ್ಮೆ ಸವರಿ. ಬಟ್ಟೆಯ ಉಳಿದ ಭಾಗ ಮಡಚಿ ಫ್ರೇಮಿನ ಕೆಳಗೆ ಸಿಕ್ಕಿಕೊಂಡಿದ್ದರೆ ಅದೂ ಬುಟ್ಟಾದ ಜೊತೆಗೆ ಹೊಲಿದುಹೋಗುತ್ತದೆ.

ದಾರ ಪೋಣಿಸಿ ಪರೀಕ್ಷೆ

ಮೇಲ್ದಾರ ಪೋಣಿಸುವಾಗ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಮೇಲಕ್ಕೆ ಎತ್ತಿರಬೇಕು. ಫುಟ್ ಎತ್ತಿದಾಗ ಮಾತ್ರ ಟೆನ್ಷನ್ ಬಿಲ್ಲೆಗಳು ಬಾಯಿ ಬಿಡುತ್ತವೆ. ಫುಟ್ ಇಳಿಸಿ ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಇಳಿಯದೆ ಮೇಲೇ ಉಳಿಯುತ್ತದೆ, ಹತ್ತೇ ಹೊಲಿಗೆಗೆ ಬಟ್ಟೆಯ ಅಡಿ ಹಕ್ಕಿಗೂಡು ಕಟ್ಟುತ್ತದೆ. ಗೂಡು ಕೆಳಗೆ ಕಾಣುವುದರಿಂದ ಎಲ್ಲರೂ ಬಾಬಿನ್ ಬಿಚ್ಚಿ ನೋಡುತ್ತಾರೆ. ಕಾರಣ ಇರುವುದು ಮೇಲೆ. ಪೋಣಿಸಿದ ಮೇಲೆ ಫುಟ್ ಇಳಿಸಿ ದಾರ ಎಳೆದು ನೋಡಿ, ಬಿಗಿ ಗೊತ್ತಾಗಬೇಕು. ಮೇಲಿನಿಂದ ಹಾಕುವ ಬಾಬಿನ್ ಆದರೆ ಹೆಚ್ಚಿನ ಮನೆ ಮೆಷಿನ್‌ಗಳಲ್ಲಿ ದಾರ ಎಳೆದಾಗ ಅದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗಬೇಕು.

ಅದೇ ಬಟ್ಟೆಯ ತುಂಡು, ಅದೇ ಪೇಪರ್, ಅದೇ ದಾರ ಇಟ್ಟು ಮೆಷಿನ್‌ನಲ್ಲೇ ಇರುವ ಅಕ್ಷರಗಳಿಂದ ಇಂಗ್ಲಿಷಿನ ದೊಡ್ಡ ‘ಐ’ ಒಂದನ್ನು 2 ಸೆಂ.ಮೀ. ಎತ್ತರಕ್ಕೆ ಹೊಲಿಸಿ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಆ ಪಟ್ಟಿಯ ನಡುವಿನ ಮೂರನೇ ಒಂದು ಭಾಗ ಬಿಳಿ ಬಾಬಿನ್ ದಾರ, ಅದರ ಎರಡೂ ಪಕ್ಕ ಬಣ್ಣದ ದಾರ ಕಾಣಬೇಕು. ಬಿಳಿ ಕಾಣದೆ ಪೂರ್ತಿ ಬಣ್ಣವೇ ಇದ್ದರೆ ಮೇಲಿನ ಟೆನ್ಷನ್ ಸಡಿಲ. ಬಿಳಿ ಚುಕ್ಕೆಗಳು ಮುಂಬದಿಗೇ ಬಂದರೆ ಮೇಲಿನದು ಬಿಗಿ, ಇಲ್ಲವೇ ಬಾಬಿನ್ ದಾರ ಅದರ ಪಟ್ಟಿಯೊಳಗೆ ಕೂತಿಲ್ಲ. ಮೊದಲು ಎರಡನ್ನೂ ಬಿಚ್ಚಿ ಹೊಸದಾಗಿ ಪೋಣಿಸಿ, ಆಮೇಲೆ ಮೇಲಿನ ಟೆನ್ಷನ್ ಒಂದೊಂದೇ ಅಂಕಿ ಬದಲಿಸಿ. ಬಾಬಿನ್ ಕೇಸಿನ ಸ್ಕ್ರೂಗೆ ಕೈ ಹಾಕಬೇಡಿ.

ಡಿಸೈನ್ ಫೈಲ್

ಬ್ರದರ್ ಕಂಪನಿಯ ಮೆಷಿನ್ ಪಿಇಎಸ್ ಫೈಲ್ ಓದುತ್ತದೆ, ಜನೋಮೆ ಕಂಪನಿಯದು ಜೆಇಎಫ್. ಎಲ್ಲೆಡೆ ಓಡಾಡುವ ಡಿಎಸ್‌ಟಿ ಫೈಲಿನಲ್ಲಿ ಬಣ್ಣದ ಮಾಹಿತಿ ಇರುವುದಿಲ್ಲ. ಪರದೆಯ ಮೇಲೆ ಚಿತ್ರವಿಚಿತ್ರ ಬಣ್ಣ ಕಂಡರೆ ಗಾಬರಿ ಬೇಡ, ಎಲ್ಲಿ ಬಣ್ಣ ಬದಲಿಸಬೇಕೋ ಅಲ್ಲಿ ಮೆಷಿನ್ ನಿಲ್ಲುತ್ತದೆ. ಮೊಬೈಲಿನ ಫೋಟೊ ಹಾಕಿದರೆ ಹೊಲಿಯುವುದಿಲ್ಲ, ಅದನ್ನು ಹೊಲಿಗೆಯಾಗಿ ಬರೆಯುವ ಡಿಜಿಟೈಸಿಂಗ್ ಬೇರೆಯದೇ ವಿದ್ಯೆ. ಕಲಿಯುವ ಮನಸ್ಸಿದ್ದರೆ ಇಂಕ್‌ಸ್ಟಿಚ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಜೊತೆ ಕೆಲಸ ಮಾಡುತ್ತದೆ.

ಮೆಷಿನ್‌ನಲ್ಲೇ ಡಿಸೈನ್ ಹಿಗ್ಗಿಸಿ ಕುಗ್ಗಿಸುವುದು 10 ಪರ್ಸೆಂಟ್ ಒಳಗಿರಲಿ. ಹೊಲಿಗೆಯ ಸಂಖ್ಯೆ ಬದಲಾಗದೆ ಅಳತೆ ಮಾತ್ರ ಬದಲಾದರೆ ಚಿಕ್ಕದು ಮಾಡಿದಾಗ ಹೊಲಿಗೆ ಒತ್ತಾಗಿ ಸೂಜಿ ಮುರಿಯುತ್ತದೆ, ದೊಡ್ಡದು ಮಾಡಿದಾಗ ಸಂದಿನಲ್ಲಿ ಬಟ್ಟೆ ಇಣುಕುತ್ತದೆ.

ಹೊಲಿಯುವಾಗ

ವೇಗ ನಿಮಿಷಕ್ಕೆ 500 ಹೊಲಿಗೆ ಸಾಕು. 9,000 ಹೊಲಿಗೆಗೆ 18 ನಿಮಿಷ, ದಾರ ಬದಲಿಸುವುದು ಸೇರಿ ಒಂದು ತೋಳಿಗೆ ಅರ್ಧ ಗಂಟೆಗೂ ಹೆಚ್ಚು. ಐದಾರು ಹೊಲಿಗೆ ಬಿದ್ದ ಕೂಡಲೇ ನಿಲ್ಲಿಸಿ ಶುರುವಿನ ದಾರದ ಬಾಲ ಕತ್ತರಿಸಿ. ಒಂದು ಜಾಗದಿಂದ ಇನ್ನೊಂದಕ್ಕೆ ಹಾರುವ ದಾರಗಳನ್ನು ಬಣ್ಣ ಬದಲಿಸುವಾಗಲೇ ಕತ್ತರಿಸುತ್ತಾ ಹೋಗಿ, ಮೇಲೆ ಹೊಲಿಗೆ ಬಿದ್ದರೆ ಅವು ಅಲ್ಲೇ ಹೂತುಹೋಗುತ್ತವೆ. ಮೆಷಿನ್ ಓಡುವಾಗ ಅಡುಗೆಮನೆಗೆ ಹೋಗಿ ಬರುವ ಆಸೆ ಬೇಡ.

ದಾರ ಹರಿದರೆ ಪೋಣಿಸಿ, ಹತ್ತು ಹೊಲಿಗೆ ಹಿಂದಕ್ಕೆ ಹೋಗಿ ಶುರು ಮಾಡಿ. ಪದೇಪದೇ ಹರಿಯುತ್ತಿದ್ದರೆ ಸೂಜಿ ಬದಲಿಸಿ. ಆಮೇಲೂ ಹರಿದರೆ ರೀಲನ್ನು ನೋಡಿ. ರೀಲಿನ ಅಂಚಿನಲ್ಲಿ ದಾರ ಸಿಕ್ಕಿಸಲು ಒಂದು ಸೀಳು ಇರುತ್ತದಲ್ಲ, ಪ್ರತಿ ಸುತ್ತಿಗೂ ದಾರ ಅಲ್ಲಿ ಸಿಕ್ಕಿ ಜಗ್ಗುತ್ತಿರಬಹುದು. ಸೀಳಿನ ತುದಿ ಇನ್ನೊಂದು ಕಡೆಗೆ ಬರುವಂತೆ ರೀಲು ತಿರುಗಿಸಿದರೆ ಮುಗಿಯಿತು.

ಕರೆಂಟ್ ಹೋದರೆ ಫ್ರೇಮ್ ತೆಗೆಯಬೇಡಿ, ಬಟ್ಟೆಯನ್ನಂತೂ ಬಿಚ್ಚಲೇಬೇಡಿ. ಪರದೆಯ ಮೇಲಿನ ಹೊಲಿಗೆ ಸಂಖ್ಯೆಯನ್ನು ಆಗಾಗ ಬರೆದಿಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅಲ್ಲಿಂದಲೇ ಮುಂದುವರಿಸಬಹುದು. ಹಕ್ಕಿಗೂಡು ಕಟ್ಟಿದ್ದರೆ ಫ್ರೇಮನ್ನು ಮೇಲೆ ಎಳೆಯಬಾರದು. ಬಟ್ಟೆಗೂ ಪ್ಲೇಟಿಗೂ ನಡುವೆ ಬಾಗಿದ ಕತ್ತರಿ ತೂರಿಸಿ ದಾರ ಮಾತ್ರ ಕತ್ತರಿಸಿ.

ಹೊರಗೆರೆಗೂ ಒಳಗಿನ ತುಂಬುಹೊಲಿಗೆಗೂ ನಡುವೆ ಬಟ್ಟೆ ಕಂಡರೆ ಬಟ್ಟೆ ಜರುಗಿದೆ, ಅಂದರೆ ಫ್ರೇಮು ಸಡಿಲ ಅಥವಾ ಪೇಪರ್ ತೆಳು. ಎರಡನೇ ತೋಳಿಗೆ ಒಂದು ಪದರ ಹೆಚ್ಚು ಹಾಕುವ ಯೋಚನೆ ಬಂದರೆ ತಡೆಯಿರಿ: ಎರಡು ತೋಳೂ ಒಂದೇ ಥರ ಕಾಣಬೇಕಲ್ಲ. ಅದಕ್ಕೇ ತೋಳಿಗೆ ಕೈ ಹಾಕುವ ಮೊದಲು ಪರೀಕ್ಷೆಯ ತುಂಡಿನ ಮೇಲೇ ಪೂರ್ತಿ ಬುಟ್ಟಾ ಒಮ್ಮೆ ಹೊಲಿದು ನೋಡಿ.

ಜರಿ ದಾರಕ್ಕೆ ಕೈ ತುರಿಸುತ್ತದೆ, ಗೊತ್ತು. ಸೂಜಿ 90/14, ವೇಗ 400ಕ್ಕೆ ಇಳಿಸಿ, ಮೇಲಿನ ಟೆನ್ಷನ್ ಸಡಿಲಿಸಿ, ರೀಲನ್ನು ಮೆಷಿನ್ನಿಂದ ಸ್ವಲ್ಪ ದೂರ ಇಡಿ; ಸುರುಳಿ ಬಿಚ್ಚಿಕೊಳ್ಳಲು ದಾರಕ್ಕೆ ಆ ದೂರ ಬೇಕು. ಧಾರವಾಡದ ಕಸೂತಿಯ ಗವಂತಿ (ಹೋದ ದಾರಿಯಲ್ಲೇ ಮರಳಿ ಬಂದು ಸಂದು ತುಂಬುವ ಹೊಲಿಗೆ) ಗೆರೆಗಳನ್ನು ಮೆಷಿನ್‌ನಲ್ಲಿ ತರುವವರೂ ಇದ್ದಾರೆ. ಕೈ ಕಸೂತಿಗೆ ಗಂಟಿಲ್ಲ, ಗವಂತಿಯಲ್ಲಿ ಎರಡೂ ಬದಿ ಒಂದೇ ಥರ. ಮೆಷಿನ್‌ಗೆ ಅದು ಪೂರ್ತಿ ಸಾಧ್ಯವಿಲ್ಲ. ಬಾಬಿನ್‌ಗೂ ಅದೇ ಬಣ್ಣದ ದಾರ ಸುತ್ತಿದರೆ ಹಿಂಬದಿ ಸ್ವಲ್ಪ ಹತ್ತಿರ ಬರುತ್ತದೆ.

ಮುಗಿದ ಮೇಲೆ

ಸ್ಕ್ರೂ ಸಡಿಲಿಸಿಯೇ ಬಟ್ಟೆ ತೆಗೆಯಿರಿ. ಹಿಂದಿನ ಪೇಪರನ್ನು ಹೊಲಿಗೆಯಿಂದ ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ, ಕತ್ತರಿಯ ಬಾಗಿದ ತುದಿ ಬಟ್ಟೆಯಿಂದ ಮೇಲಕ್ಕಿರಲಿ. ಮಾರ್ಕರ್ ಗುರುತನ್ನು ತಣ್ಣೀರಿನಲ್ಲಿ ಪೂರ್ತಿ ತೆಗೆದು ಒಣಗಿಸಿ. ದಪ್ಪ ಟವೆಲ್ ಮೇಲೆ ಬುಟ್ಟಾವನ್ನು ಮಗುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಹೊಲಿಗೆಯ ಉಬ್ಬು ಚಪ್ಪಟೆಯಾಗುವುದಿಲ್ಲ. ಆಮೇಲೆ ತೋಳಿನ ಪ್ಯಾಟರ್ನ್ ಇನ್ನೊಮ್ಮೆ ಇಟ್ಟು, ಹಳೇ ಗೆರೆಯನ್ನು ನಂಬದೆ, ಬುಟ್ಟಾದ ನಡುವನ್ನೇ ಹಿಡಿದು ಹೊಸದಾಗಿ ಬರೆದುಕೊಂಡು ಕತ್ತರಿಸಿ. ಲೈನಿಂಗ್ ಜೋಡಿಸುವುದು ಅದಾದ ಮೇಲೆ.