ಕೇರ್ನ್ಸ್‌ನಿಂದ ಬ್ರೂಮ್‌ವರೆಗೆ: ನೀರು ಅಳೆದು, ತೂಕ ನೋಡಿ ಹೊರಟ ಏಳು ವಾರ

ಆಸ್ಟ್ರೇಲಿಯಾದ ಉತ್ತರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಲು ಹೊರಡುವುದಕ್ಕೆ ಇನ್ನು ಹನ್ನೆರಡು ದಿನ ಇದೆ ಅನ್ನುವಾಗ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ನಮ್ಮ ಮನೆಗಾಡಿ ಕ್ಯಾರವಾನನ್ನು ಬ್ರಿಸ್ಬೇನ್ ಹೊರಗಿನ ಒಂದು ವೇಬ್ರಿಡ್ಜ್ (ವಾಹನ ತೂಗುವ ಕಟ್ಟೆ) ಮೇಲೆ ನಿಲ್ಲಿಸಿದೆವು. ಚೀಟಿಯಲ್ಲಿ ಬಂದದ್ದು 2,590 ಕೆ.ಜಿ. ಗಾಡಿಯ ಫಲಕದ ಮೇಲೆ ಬರೆದಿದ್ದ ಗರಿಷ್ಠ ತೂಕ 2,500. ತೊಂಬತ್ತು ಕೆ.ಜಿ. ಹೆಚ್ಚು! ಖಾಲಿ ಗಾಡಿಯೇ 2,050 ಇದ್ದದ್ದರಿಂದ ನಮಗೆ ಉಳಿದಿದ್ದದ್ದು 450 ಕೆ.ಜಿ. ಮಾತ್ರ. ಅದರಲ್ಲಿ ನೀರೇ 160 ಕೆ.ಜಿ. ನೀರನ್ನು ಇಳಿಸುವ ಹಾಗಿಲ್ಲ. ಹಾಗಾಗಿ ಮನೆಗೆ ವಾಪಸ್ ಬಂದು ಒಂದೊಂದೇ ಸಾಮಾನು ಹೊರಗೆ ತೆಗೆದೆವು: ಟೆಂಟಿನ ಪಕ್ಕದ ಗೋಡೆಗಳು, ಎರಡನೇ ಟೂಲ್‌ಬಾಕ್ಸ್, ಅಮ್ಮನ ಬೀಡಿನ ಕಾವಲಿ, 20 ಕೆ.ಜಿ. ಅಕ್ಕಿ ಮೂಟೆಯಲ್ಲಿ ಮುಕ್ಕಾಲು ಪಾಲು. ಅಕ್ಕಿ ಮೌಂಟ್ ಐಸಾದಲ್ಲೂ ಸಿಗುತ್ತದೆ, ಕ್ಯಾಥರೀನ್‌ನಲ್ಲೂ ಸಿಗುತ್ತದೆ. ಇದು ಅಂಗಡಿಗೆ ಹೋಗುವ ಮೊದಲೇ ಹೊಳೆಯಬೇಕಿತ್ತು, ಹೊಳೆದದ್ದು ತೂಕದ ಚೀಟಿ ನೋಡಿದ ಮೇಲೆ.

ಉಳಿದ ಭಾರವನ್ನು ಎಲ್ಲಿ ಇಡುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಗಾಡಿಯ ಒಟ್ಟು ತೂಕದ ಹತ್ತನೇ ಒಂದು ಭಾಗ ಕಾರಿನ ಕೊಂಡಿಯ ಮೇಲೆ ಕೂತರೆ ಗಾಡಿ ಸಮನಾಗಿ ಹಿಂದೆ ಬರುತ್ತದೆ. ಹಿಂಭಾಗಕ್ಕೆ ಭಾರ ಹೇರಿದರೆ ವೇಗದಲ್ಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಅದು ಕಾರನ್ನೂ ಎಳೆದುಕೊಂಡು ಹೋಗಬಲ್ಲದು. ಭಾರದ್ದೆಲ್ಲ ಚಕ್ರದ ಅಚ್ಚಿನ ಮೇಲೆ, ನೆಲಮಟ್ಟದಲ್ಲಿ. ಹಗುರದ್ದು ಮೇಲೆ.

ನಾವು ನಾಲ್ಕು ಜನ. ನಾನು, ನನ್ನ ಗಂಡ, ಹನ್ನೆರಡು ವರ್ಷದ ಮಗಳು, ಚಳ್ಳಕೆರೆಯಿಂದ ಬಂದಿದ್ದ ಅಮ್ಮ. ಇವರಿಗೆ, ಅಂದರೆ ನನ್ನ ಗಂಡನಿಗೆ, ಹತ್ತು ವರ್ಷ ದುಡಿದ ಮೇಲೆ ಸಿಗುವ ದೀರ್ಘ ರಜೆ ಕೈಗೆ ಬಂದಿತ್ತು. 2024ರ ಜೂನ್ ಮೊದಲ ವಾರ ಕೇರ್ನ್ಸ್ ಬಿಡುವುದು, ಜುಲೈ ಕೊನೆಗೆ ಪಶ್ಚಿಮ ತೀರದ ಬ್ರೂಮ್ ಮುಟ್ಟುವುದು ಅಂತ ತೀರ್ಮಾನ. ಆಸ್ಟ್ರೇಲಿಯಾದ ಉತ್ತರಕ್ಕೆ ಎರಡೇ ಕಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಮೇನಿಂದ ಅಕ್ಟೋಬರ್‌ವರೆಗೆ ಒಣಹವೆ. ಮಳೆಗಾಲದಲ್ಲಿ ಆ ಹೊಳೆಗಳ ಬಲ ಎಂಥದ್ದು ಅನ್ನುವುದಕ್ಕೆ ಸಾಕ್ಷಿ ನಮ್ಮ ದಾರಿಯಲ್ಲೇ ಬರುವ ಫಿಟ್ಜ್‌ರಾಯ್ ಕ್ರಾಸಿಂಗ್ ಅನ್ನುವ ಊರು: 2023ರ ಜನವರಿಯ ಪ್ರವಾಹ ಅಲ್ಲಿನ ಹೆದ್ದಾರಿ ಸೇತುವೆಯನ್ನೇ ಮುರಿದು ಹಾಕಿತು, ಹೊಸದು ತೆರೆದದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ.

ಕೇರ್ನ್ಸ್‌ನಿಂದ ಬ್ರೂಮ್‌ಗೆ ಹೋಗುವ ಹಾದಿಗೆ ಸವಾನಾ ವೇ ಅನ್ನುತ್ತಾರೆ, ಸುಮಾರು 3,700 ಕಿ.ಮೀ. ಅದರಲ್ಲಿ ಬರ್ಕ್‌ಟೌನ್ ದಾಟಿ ಬೊರೊಲೂಲಾ ಕಡೆಗಿನ ಭಾಗ ಮಣ್ಣಿನ ರಸ್ತೆ. ಹೊಳೆಗಳನ್ನು ನೀರಲ್ಲಿ ಇಳಿದೇ ದಾಟಬೇಕು. ನಮ್ಮದು ಡಾಂಬರು ರಸ್ತೆಗೆ ಮಾಡಿದ ಗಾಡಿ, ಜೊತೆಗೆ ಎಪ್ಪತ್ತೊಂದರ ಅಮ್ಮ. ಆ ಭಾಗವನ್ನು ಬಿಟ್ಟು ನಾರ್ಮಂಟನ್‌ನಿಂದ ದಕ್ಷಿಣಕ್ಕೆ ತಿರುಗಿ ಕ್ಲಾನ್‌ಕರಿ, ಮೌಂಟ್ ಐಸಾ, ಬಾರ್ಕ್ಲಿ ಹೆದ್ದಾರಿ, ಕ್ಯಾಥರೀನ್, ಕುನುನುರಾ ಹೀಗೆ ಸುತ್ತು ಹಾಕಿದೆವು. ಸುಮಾರು 4,000 ಕಿ.ಮೀ., ಪೂರ್ತಿ ಡಾಂಬರು. ಒರಟು ದಾರಿಯ ಆಸೆ ಇವರಿಗಿತ್ತು, ನಾನು ಒಪ್ಪಲಿಲ್ಲ, ಈಗಲೂ ಅದೇ ಸರಿ ಅನ್ನಿಸುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಹೊರಟದ್ದಕ್ಕೂ ಕಾರಣ ಇದೆ: ಒಣಗಾಲದಲ್ಲಿ ಅಲ್ಲಿ ಆಗ್ನೇಯದ ಗಾಳಿ ಬೀಸುತ್ತದೆ. ಅದು ಬೆನ್ನಿಗಿದ್ದಾಗ ನಮ್ಮ ಕಾರು ನೂರು ಕಿ.ಮೀ.ಗೆ 17 ಲೀಟರ್ ಡೀಸೆಲ್ ಕುಡಿಯಿತು. ನಾರ್ಮಂಟನ್‌ನಿಂದ ದಕ್ಷಿಣಕ್ಕೆ ಹೋಗುವಾಗ ಎದುರುಗಾಳಿ ಸಿಕ್ಕಿ ಅದೇ ಕಾರು 22 ಕುಡಿಯಿತು. 87 ಲೀಟರಿನ ಟ್ಯಾಂಕಿಗೆ ಇದು ನೂರು ಕಿ.ಮೀ.ಗೂ ಮಿಕ್ಕಿದ ವ್ಯತ್ಯಾಸ. ರೋಡ್‌ಹೌಸ್‌ಗಳ (ಹೆದ್ದಾರಿ ಬದಿಯ ಪೆಟ್ರೋಲ್ ಪಂಪ್, ಊಟದ ಜಾಗ) ನಡುವೆ 250, 290 ಕಿ.ಮೀ. ಅಂತರ ಇರುವ ಕಡೆ ಎರಡು ಕ್ಯಾನ್ ಡೀಸೆಲ್ ಜೊತೆಗಿಟ್ಟಿದ್ದೆವು, ಅರ್ಧ ಟ್ಯಾಂಕಿಗೆ ಬಂದ ಕೂಡಲೇ ಎಲ್ಲಿ ಪಂಪ್ ಸಿಕ್ಕರೂ ತುಂಬಿಸಿದೆವು. ಡೀಸೆಲ್ ಮಟ್ಟಿಗೆ ಇಷ್ಟು ಸಾಕು.

ನೀರಿನ ಲೆಕ್ಕ ಮಾತ್ರ ಹಾಗೆ ಸುಲಭಕ್ಕೆ ಬರಲಿಲ್ಲ. ಹೊರಡುವ ಒಂದು ತಿಂಗಳ ಮೊದಲು ಮನೆಯಿಂದ ಒಂದೂವರೆ ಗಂಟೆ ದೂರದ ಜಾಗದಲ್ಲಿ ಎರಡು ರಾತ್ರಿ ತಂಗಿದೆವು. ಕರೆಂಟ್ ಇಲ್ಲ, ನಲ್ಲಿ ಇಲ್ಲ. ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ತೊಟ್ಟಿಯಿಂದ ಹೊರಗೆ ಬಂದ ಪ್ರತಿ ಮಗ್ಗು ನೀರನ್ನೂ ಬರೆಯಲು ಹೇಳಿದೆ. ಮೊದಲ ದಿನ 71 ಲೀಟರ್! ಅರ್ಧಕ್ಕರ್ಧ ಪಾತ್ರೆ ತೊಳೆಯುವುದಕ್ಕೇ ಹೋಗಿತ್ತು. ಎರಡನೇ ದಿನ ಅಮ್ಮ ಆ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡರು. ಮೊದಲು ತಟ್ಟೆಯ ಎಂಜಲನ್ನು ಕಾಗದದಲ್ಲಿ ಒರೆಸುವುದು, ಆಮೇಲೆ ಒಂದು ಬೋಗುಣಿ ಸೋಪಿನ ನೀರು, ಇನ್ನೊಂದು ಬೋಗುಣಿ ತಿಳಿನೀರು, ಅಷ್ಟೇ. ಅಕ್ಕಿ ತೊಳೆದ ನೀರು ಕುಕ್ಕರಿನ ತಳ ನೆನೆಸುವುದಕ್ಕೆ. ಬೆಳಗ್ಗೆ ತಿಂಡಿಗೆ ಅವಲಕ್ಕಿ ಇಲ್ಲವೇ ಮೊದಲೇ ಹುರಿದಿಟ್ಟ ರವೆ. ಅವತ್ತು ಬಂದ ಲೆಕ್ಕ 38 ಲೀಟರ್. "ನಲ್ಲಿ ನೀರು ಮೂರು ದಿನಕ್ಕೊಂದ್ಸಲ ಬರೋ ಊರಲ್ಲಿ ಬೆಳೆದೋಳಲ್ವೇನೇ ನೀನು, ಇಷ್ಟು ಬೇಗ ಮರೆತೆಯಾ?" ಅಂದರು ಅಮ್ಮ. ನಿಜವಾಗಿಯೂ ಮರೆತಿದ್ದೆ. ದಿನಕ್ಕೆ 40 ಲೀಟರ್, ತೊಟ್ಟಿಯಲ್ಲಿ 160, ಅಂದರೆ ನಾಲ್ಕು ದಿನ. ಇಡೀ ಪ್ರಯಾಣದ ತಂಗುದಾಣಗಳನ್ನು ನಾನು ಈ ನಾಲ್ಕು ದಿನದ ಅಳತೆಯಲ್ಲೇ ಕೂರಿಸಿದ್ದು. ಯಾವ ಜಲಪಾತ ಚೆನ್ನಾಗಿದೆ ಅನ್ನುವ ಪ್ರಶ್ನೆ ಆಮೇಲೆ.

ಇದಲ್ಲದೆ ಅಡುಗೆಗೆಂದೇ ಕಾರಿನಲ್ಲಿ 20 ಲೀಟರಿನ ಕ್ಯಾನ್‌ಗಳು ಎರಡು. ಮೊದಮೊದಲು ಅದು ಬೇಡದ ಭಾರ ಅನ್ನಿಸಿತ್ತು. ಬಾರ್ಕ್ಲಿ ಹೆದ್ದಾರಿಯ ಒಂದು ತಂಗುದಾಣದಲ್ಲಿ ಬೋರ್ ನೀರು ಹಿಡಿದು ಸಾರಿಗೆ ತೊಗರಿಬೇಳೆ ಇಟ್ಟೆ. ನಾಲ್ಕು ಕೂಗು ಆಯಿತು, ಮುಚ್ಚಳ ತೆಗೆದರೆ ಬೇಳೆ ಇಟ್ಟ ಹಾಗೇ ಇದೆ. ಇನ್ನೂ ನಾಲ್ಕು ಕೂಗು ಕೂಗಿಸಿದೆ. ಸೌಟಿನಲ್ಲಿ ಒತ್ತಿದರೆ ಅಂಚು ಮಾತ್ರ ಬಿಟ್ಟಿದೆ, ನಡುವೆ ಗಟ್ಟಿ. ಅಮ್ಮ ಬಂದು ಒಂದು ಕಾಳನ್ನು ಬೆರಳಲ್ಲಿ ಹಿಸುಕಿ, ಲೋಟದ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಸಪ್ಪೆ ನೀರು ಕಣೇ, ನಮ್ಮೂರ ಬೋರ್ ಥರಾನೇ. ಎಷ್ಟು ಕೂಗಿಸಿದ್ರೂ ಬೇಯಲ್ಲ, ಗ್ಯಾಸ್ ದಂಡ" ಅಂದರು. ಗಡಸು ನೀರಿನ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಮೌಂಟ್ ಐಸಾದಲ್ಲಿ ತುಂಬಿಸಿಕೊಂಡಿದ್ದ ಕ್ಯಾನಿನ ನೀರಲ್ಲಿ ಹೊಸದಾಗಿ ಬೇಳೆ ಇಟ್ಟೆ, ಮೂರೇ ಕೂಗಿಗೆ ಬೆಣ್ಣೆಯಂತಾಯಿತು. ಅವತ್ತಿನಿಂದ ಬೋರ್ ನೀರು ಸ್ನಾನಕ್ಕೆ, ಪಾತ್ರೆಗೆ. ಊರಿನ ನೀರು ಬೇಳೆಗೆ, ಕುಡಿಯಲಿಕ್ಕೆ.

ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಹಾಗಾಗಿ ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಇದ್ದದ್ದು ಫ್ರಿಜ್ ಬಗ್ಗೆ. ನಮ್ಮ ಕ್ಯಾರವಾನಿನ ಫ್ರಿಜ್ ಓಡುವಾಗ ಕಾರಿನ ಬ್ಯಾಟರಿಯಿಂದ, ನಿಂತಾಗ ಗ್ಯಾಸಿನಿಂದ ನಡೆಯುವಂಥದ್ದು. ಕ್ಯಾಮೊವೀಲ್ ದಾಟಿದ ದಿನ ಸಂಜೆ ಬಾಗಿಲು ತೆಗೆದಾಗ ಹಾಲಿನ ಡಬ್ಬಿ ಕೈಗೆ ಬೆಚ್ಚಗೆ ತಗುಲಿತು, ಎದೆ ಝಲ್ಲೆಂದಿತು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಕಾರಿಗೂ ಗಾಡಿಗೂ ಕರೆಂಟ್ ಕೂಡಿಸುವ ಆ್ಯಂಡರ್ಸನ್ ಪ್ಲಗ್ ಕಳಚಿಕೊಂಡು ಜೋತುಬಿದ್ದಿದೆ. ದಿನವಿಡೀ ರಸ್ತೆಗೆ ಉಜ್ಜಿ ಅದರ ಬೂದು ಪ್ಲಾಸ್ಟಿಕ್ ಓರೆಯಾಗಿ ಸವೆದು ಒಳಗಿನ ತಾಮ್ರ ಹೊಳೆಯುತ್ತಿದೆ. ಇನ್ಸುಲಿನ್ ಉಳಿದದ್ದು ಮೊದಲೇ ಮಾಡಿಕೊಂಡಿದ್ದ ಇನ್ನೊಂದು ಏರ್ಪಾಡಿನಿಂದ. ಒದ್ದೆ ಮಾಡಿದರೆ ತಂಪಾಗುವ ಬಟ್ಟೆಯ ಚೀಲದಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನುಗಳಲ್ಲಿ ಅರ್ಧದಷ್ಟನ್ನು ಕಾರಿನೊಳಗೇ ಇಟ್ಟಿದ್ದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಉಪಾಯವೇ ಅದರದ್ದೂ. ಒಣಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದಲ್ಲಿ ತಂಗಿದ್ದ ವಯಸ್ಸಾದ ದಂಪತಿಗಳ ಹತ್ತಿರ ಹೆಚ್ಚಿನ ಪ್ಲಗ್ ಇತ್ತು, ಮರುದಿನ ಬೆಳಗ್ಗೆ ಅವರೇ ಹಾಕಿಕೊಟ್ಟರು. ಅಂದಿನಿಂದ ಪ್ಲಗ್ಗನ್ನು ಪಟ್ಟಿಯಿಂದ ಮೇಲಕ್ಕೆ ಬಿಗಿದು ಕಟ್ಟುವುದು, ಪ್ರತಿ ನಿಲುಗಡೆಯಲ್ಲೂ ಕೈಯಿಂದ ಮುಟ್ಟಿ ನೋಡುವುದು ಮಗಳ ಕೆಲಸವಾಯಿತು. ಔಷಧ ತೆಗೆದುಕೊಳ್ಳುವವರು ಜೊತೆಗಿದ್ದರೆ ಅದನ್ನು ಒಂದೇ ಕಡೆ ಇಡಬೇಡಿ, ಎರಡು ಪಾಲು ಮಾಡಿ ಎರಡು ಬೇರೆ ರೀತಿಯಲ್ಲಿ ತಂಪಾಗಿಡಿ. ವೈದ್ಯರ ಪತ್ರವೂ ಜೊತೆಯಲ್ಲಿರಲಿ.

ಪಟ್ಟಣ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಸಿಗ್ನಲ್ ಇಲ್ಲ. ಬಾಡಿಗೆಗೆ ಒಂದು ಸ್ಯಾಟಲೈಟ್ ಫೋನ್, ಗುಂಡಿ ಒತ್ತಿದರೆ ಇರುವ ಜಾಗ ತಿಳಿಸುವ ನೋಂದಾಯಿತ ಬೀಕನ್, ಹತ್ತಿರದ ಗಾಡಿಗಳವರ ಜೊತೆ ಮಾತಾಡಲು ಕಾರಿನಲ್ಲಿ ಯುಎಚ್‌ಎಫ್ ರೇಡಿಯೋ, ಈ ಮೂರೂ ಇದ್ದವು. ಕ್ಲಾನ್‌ಕರಿಯಲ್ಲಿ ಅಮ್ಮನನ್ನು, ವಿಮಾನದ ವೈದ್ಯಸೇವೆ ಕಟ್ಟಿದ ಜಾನ್ ಫ್ಲಿನ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆವು. ಊರುಗಳಿಂದ ನೂರಾರು ಮೈಲಿ ದೂರದ ಜನರಿಗೆ ವಿಮಾನದಲ್ಲಿ ವೈದ್ಯರನ್ನು ಕಳಿಸುವ ಸೇವೆ 1928ರ ಮೇ 17ರಂದು ಮೊದಲ ಸಲ ಹಾರಿದ್ದು ಆ ಊರಿನಿಂದಲೇ. ಇವತ್ತಿನ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಅದೇ. ಬಾಗಿಲ ಹತ್ತಿರದ ಹುಂಡಿಗೆ ಅಮ್ಮ ದೇವಸ್ಥಾನದಲ್ಲಿ ಹಾಕುವ ಹಾಗೆ ಎರಡೂ ಕೈ ಮುಗಿದು ದುಡ್ಡು ಹಾಕಿದರು.

ಮೊಸಳೆಯ ವಿಷಯವನ್ನು ಹೊರಡುವ ಮೊದಲೇ ಕೂತು ಮಾತಾಡಿದ್ದೆವು. ಹೊಳೆದಂಡೆಗೆ ಹೋಗಿ ಕೈಕಾಲು ತೊಳೆಯುವುದು, ಪಾತ್ರೆ ಅದ್ದುವುದು ನಮಗೆ ರಕ್ತದಲ್ಲೇ ಬಂದ ಅಭ್ಯಾಸ. ಅಲ್ಲಿ ಅದು ಪ್ರಾಣಕ್ಕೆ ಎರವಾಗುತ್ತದೆ. ಉಪ್ಪುನೀರಿನ ಮೊಸಳೆ ಹೆಸರಿಗೆ ಮಾತ್ರ ಉಪ್ಪುನೀರಿನದು, ಸಿಹಿನೀರಿನ ಹೊಳೆಯಲ್ಲೂ ನೂರಾರು ಕಿ.ಮೀ. ಒಳಗೆ ಇರುತ್ತದೆ, ಒಂದೇ ಜಾಗಕ್ಕೆ ದಿನವೂ ಬರುವವರನ್ನು ಗಮನಿಸುತ್ತದೆ. ನೀರಿನಿಂದ ಕನಿಷ್ಠ 50 ಮೀಟರ್ ದೂರದಲ್ಲಿ ತಂಗಬೇಕು, ಮುಸುರೆಯನ್ನು ಹತ್ತಿರದಲ್ಲೆಲ್ಲೂ ಚೆಲ್ಲಬಾರದು. ನಾರ್ಮಂಟನ್‌ನಲ್ಲಿ 1957ರಲ್ಲಿ ಹೊಡೆದ ಮೊಸಳೆಯ 8.63 ಮೀಟರ್ ಉದ್ದದ ಪ್ರತಿಕೃತಿ ಇಟ್ಟಿದ್ದಾರೆ. ಅಮ್ಮ ಅದರ ಮೂತಿಯಿಂದ ಬಾಲದವರೆಗೆ ಹೆಜ್ಜೆ ಹಾಕಿ ಎಣಿಸಿ ನೋಡಿದರು. ಆಮೇಲೆ ಯಾವ ಹೊಳೆಯ ಹತ್ತಿರವೂ ನಾನು ಏನೂ ಹೇಳಬೇಕಾಗಲಿಲ್ಲ.

ದಿನಕ್ಕೆ 300 ಕಿ.ಮೀ.ಗಿಂತ ಹೆಚ್ಚು ಓಡಿಸಬಾರದು, ಮಧ್ಯಾಹ್ನ ಮೂರಕ್ಕೆ ಗಾಡಿ ನಿಂತಿರಬೇಕು ಅಂತ ಮಾಡಿಕೊಂಡಿದ್ದೆವು. ಮುಸ್ಸಂಜೆಗೆ ಕಾಂಗರೂ, ಬೇಲಿಯಿಲ್ಲದ ಸೀಮೆಯ ದನ ರಸ್ತೆಗೆ ಬರುತ್ತವೆ. ಹಲವು ಟ್ರೇಲರ್ ಎಳೆಯುವ, 53 ಮೀಟರ್ ಉದ್ದದ ಲಾರಿ, ಅಂದರೆ ರೋಡ್ ಟ್ರೇನ್, ಎದುರು ಬಂದರೆ ವೇಗ ಇಳಿಸಿ ಎಡಕ್ಕೆ ಸರಿದು ಜಾಗ ಬಿಡುವುದು. ಪ್ರಯಾಣದ ಪಟ್ಟಿಯಲ್ಲಿ ವಾರಕ್ಕೆ ಎರಡು ದಿನ ಏನೂ ಬರೆಯದೆ ಖಾಲಿ ಬಿಟ್ಟಿದ್ದೆ. ಪ್ಲಗ್ ಕೆಟ್ಟ ದಿನ, ಅಮ್ಮನಿಗೆ ಸುಸ್ತಾದ ದಿನ ಅದರಲ್ಲೇ ಸೇರಿಹೋದವು. ಹಾಗೆ ಉಳಿದ ಎರಡು ದಿನವನ್ನು ಮಾತಾರಂಕಾದ 34 ಡಿಗ್ರಿಯ ಬಿಸಿನೀರ ಬುಗ್ಗೆಯಲ್ಲಿ ಕಳೆದೆವು. ಅಮ್ಮನ ಮಂಡಿನೋವಿಗೆ ಅದಕ್ಕಿಂತ ಒಳ್ಳೆಯ ಜಾಗ ದಾರಿಯಲ್ಲಿ ಇನ್ನೊಂದು ಸಿಗಲಿಲ್ಲ. ಕ್ಯಾಥರೀನ್‌ನಲ್ಲಿ ಬೇವಿನ ಮರ ಕಂಡು ಅಮ್ಮ ಓಡಿಹೋಗಿ ಚಿಗುರು ಮುಟ್ಟಿದರು. ಆ ಪ್ರಾಂತ್ಯದಲ್ಲಿ ಬೇವನ್ನು ಕಳೆಗಿಡ ಎಂದು ಘೋಷಿಸಿದ್ದಾರೆ ಅಂತ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ.

ಪಶ್ಚಿಮ ಆಸ್ಟ್ರೇಲಿಯಾದ ಗಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುನುನುರಾಗೆ ಮುಂಚೆ ತಪಾಸಣೆ ಇದೆ; ಹಸಿ ತರಕಾರಿ, ಹಣ್ಣು, ಜೇನುತುಪ್ಪ, ಬಿತ್ತನೆ ಬೀಜ ಯಾವುದನ್ನೂ ಒಳಗೆ ಬಿಡುವುದಿಲ್ಲ. ಕ್ಯಾಥರೀನ್‌ನಲ್ಲಿ ಪರಿಚಯವಾದ ಕೇರಳದ ನರ್ಸ್ ಒಬ್ಬರು ತಮ್ಮ ಹಿತ್ತಲಿನ ಕರಿಬೇವನ್ನು ಒಂದು ಚೀಲ ತುಂಬ ಕೊಟ್ಟಿದ್ದರು. ಟಿಂಬರ್ ಕ್ರೀಕ್‌ನಲ್ಲಿ ತಂಗಿದ ರಾತ್ರಿ ಇದ್ದ ಈರುಳ್ಳಿ, ಆಲೂಗಡ್ಡೆಯೆಲ್ಲ ಪಲ್ಯವಾಯಿತು, ಕರಿಬೇವು ಅಷ್ಟೂ ಚಿತ್ರಾನ್ನದ ಒಗ್ಗರಣೆಗೆ ಹೋಯಿತು. ಗಡಿ ದಾಟುವಾಗ ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ಇಟ್ಟುಕೊಳ್ಳಬೇಕು. ಅಮ್ಮನ ಇಂಜೆಕ್ಷನ್ ಹೊತ್ತನ್ನು ಮೂರು ದಿನ ಮೊದಲಿನಿಂದಲೇ ದಿನಕ್ಕೆ ಅರ್ಧ ಗಂಟೆಯಂತೆ ಸರಿಸುತ್ತಾ ಬಂದಿದ್ದೆವು, ವೈದ್ಯರನ್ನು ಕೇಳಿಯೇ.

ಪುರ್ನುಲುಲು ಬಂಡೆಗಳಿಗೆ ಹೆದ್ದಾರಿಯಿಂದ 53 ಕಿ.ಮೀ. ಒರಟು ದಾರಿ, ಗಾಡಿ ಎಳೆದುಕೊಂಡು ಹೋಗುವಂಥದ್ದಲ್ಲ. ಕ್ಯಾರವಾನನ್ನು ತಿರುವಿನ ಹತ್ತಿರವೇ ಬಿಟ್ಟು ಇವರೂ ಮಗಳೂ ಬೆಳಗ್ಗೆ ಹೋಗಿ ಸಂಜೆ ಕೆಂಪು ಧೂಳು ಮೆತ್ತಿಕೊಂಡು ಬಂದರು. ನಾನು, ಅಮ್ಮ ನೆರಳಲ್ಲಿ ಕೂತು ಸಾರಿನ ಪುಡಿಯ ಡಬ್ಬಿಗಳನ್ನು ಎಣಿಸಿ ಉಳಿದ ದಿನಗಳಿಗೆ ಪಾಲು ಮಾಡಿದೆವು.

ಬ್ರೂಮ್‌ನಲ್ಲಿ ಗಾಡಿ ನಿಲ್ಲಿಸಿದಾಗ ತೊಟ್ಟಿಯಲ್ಲಿ ಇನ್ನೂ ಸುಮಾರು 30 ಲೀಟರ್ ಇತ್ತು. ತೊಟ್ಟಿ ತೊಳೆಯಬೇಕು, ಚೆಲ್ಲಿಬಿಡೋಣ ಅಂದರು ಇವರು. "ಸ್ವಲ್ಪ ಇರಿ," ಅಂದ ಅಮ್ಮ ಬೋಗುಣಿ ತಂದು ಕೊಳಾಯಿಯ ಕೆಳಗೆ ಇಟ್ಟರು. ಒಂದೊಂದೇ ಬೋಗುಣಿ ತುಂಬಿಸಿಕೊಂಡು ಹೋಗಿ ಪಕ್ಕದ ದೇವಕಣಗಿಲೆ ಗಿಡದ ಬುಡಕ್ಕೆ ಹೊಯ್ದರು. ಮಗಳು ಕೊನೆಯ ಸಲ ನೋಟ್‌ಬುಕ್ ತೆಗೆದು ಅದನ್ನೂ ಬರೆದುಕೊಂಡಳು: 31 ಲೀಟರ್.