ಒಂದೇ ಹೊಲದ ಮೂರು ಕೊಯ್ಲು

ಹಾವೇರಿ ಜಿಲ್ಲೆಯ ನಮ್ಮ ಭಾಗದಲ್ಲಿ ಮೆಕ್ಕೆಜೋಳಕ್ಕೆ ಗೋವಿನಜೋಳವೆಂದೇ ಹೆಸರು. ನಾಲ್ಕು ಎಕರೆಗೂ ಜೂನ್‌ನಲ್ಲಿ ಒಟ್ಟಿಗೇ ಬಿತ್ತುತ್ತೇನೆ. ಕೊಯ್ಲನ್ನು ಮಾತ್ರ ಮೂರು ಹದದಲ್ಲಿ ಮಾಡುತ್ತೇನೆ.

ರಸ್ತೆ ಬದಿಯ ಅರ್ಧ ಎಕರೆ ಹಸಿ ತೆನೆಗೆ ಮೀಸಲು. ತೆನೆಯ ಕೂದಲು ಹೊರಬಂದು ಸುಮಾರು ಮೂರು ವಾರವಾದಾಗ ಕೂದಲು ಕಂದಿರುತ್ತದೆ, ಸಿಪ್ಪೆ ಇನ್ನೂ ಹಸಿರಾಗಿರುತ್ತದೆ, ಕಾಳಿಗೆ ಉಗುರು ಊರಿದರೆ ಹಾಲು ಚಿಮ್ಮುತ್ತದೆ. ಮುರಿದ ಗಳಿಗೆಯಿಂದಲೇ ಸಿಹಿ ಇಳಿಯತೊಡಗುವುದರಿಂದ ನಸುಕಿನಲ್ಲಿ ಮುರಿದು ಅಂದೇ ಮಾರುತ್ತೇನೆ.

ಎಮ್ಮೆಗಳ ರಸಮೇವಿಗೆ, ಅಂದರೆ ಗುಂಡಿಯಲ್ಲಿ ಹುದುಗಿಸಿಡುವ ಹಸಿ ಮೇವಿಗೆ (ಸೈಲೇಜ್), ಒಂದು ಎಕರೆ. ತೆನೆಯನ್ನು ನಡುವೆ ಮುರಿದರೆ ಕಾಳಿನ ಮೇಲ್ಭಾಗ ಗಟ್ಟಿ ಹಳದಿಯಾಗಿ, ಬುಡದ ಕಡೆ ಹಾಲಾಗಿ, ಎರಡರ ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಅರ್ಧಕ್ಕೆ ಇಳಿದಾಗ ತೆನೆಸಹಿತ ದಂಟನ್ನು ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ಗಾಳಿ ಉಳಿಯದಂತೆ ತುಳಿದು ಮುಚ್ಚುತ್ತೇನೆ. ಕತ್ತರಿಸಿದ ಮೇವನ್ನು ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಬಿಟ್ಟರೆ ಉಂಡೆ ನಿಧಾನವಾಗಿ ಬಿಚ್ಚಿಕೊಳ್ಳಬೇಕು.

ಉಳಿದದ್ದೆಲ್ಲ ಕಾಳಿಗೆ. ನಾನು ಪೆಟ್ಟು ತಿಂದದ್ದು ಇಲ್ಲಿಯೇ. ಒಂದು ವರ್ಷ ಸಿಪ್ಪೆ ಬೆಳ್ಳಗಾದುದನ್ನಷ್ಟೇ ನೋಡಿ, ಅಕ್ಕಪಕ್ಕದವರು ಶುರುಮಾಡಿದರೆಂದು ನಾನೂ ತೆನೆ ಮುರಿಸಿ ಕಣದಲ್ಲಿ ರಾಶಿ ಹಾಕಿಸಿದೆ. ಹಿಂದೆಯೇ ಮೂರು ದಿನ ಜಿಟಿಜಿಟಿ ಮಳೆ ಹಿಡಿಯಿತು. ತಾಡಪತ್ರಿ ಸರಿಸಿ ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಕಾಳಿನ ಬುಡದಲ್ಲಿ ಹಸಿರು ಬೂಷ್ಟು ಕಟ್ಟಿತ್ತು. ಅಂಥ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆಂದು ತಿಳಿದಿದ್ದರಿಂದ ಆ ತೆನೆಗಳನ್ನು ಎಮ್ಮೆಗೂ ಹಾಕದೆ ಹೂಳಿಸಿದೆ. ಬೆಳೆದವನಿಗೆ ಅದಕ್ಕಿಂತ ಸಂಕಟದ ಕೆಲಸ ಮತ್ತೊಂದಿಲ್ಲ.

ಈಗ ಸಿಪ್ಪೆಯನ್ನು ನಂಬುವುದಿಲ್ಲ. ಹೊಲದ ನಾಲ್ಕೈದು ಕಡೆಯ ತೆನೆಗಳಿಂದ ಕಾಳು ಬಿಡಿಸಿ, ಬೆಂಡಿಗೆ ಅಂಟಿದ ತುದಿಯನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಅಲ್ಲಿ ಕಪ್ಪು ಪದರ ಮೂಡಿದ್ದರೆ ಕಾಳು ಬಲಿತಿದೆ ಎಂದರ್ಥ. ಆದರೂ ಆಗ ಶೇ. 30ರಷ್ಟು ತೇವ ಇರುತ್ತದೆ. ಮಳೆಯ ಸೂಚನೆ ಇಲ್ಲದಿದ್ದರೆ ಇನ್ನೂ ಹತ್ತು ಹನ್ನೆರಡು ದಿನ ದಂಟಿನಲ್ಲಿಯೇ ಒಣಗಲು ಬಿಟ್ಟು, ತೆನೆ ಮುರಿದು, ತೆಳುವಾಗಿ ಹರಡಿ ಒಣಗಿಸಿದ ಮೇಲೆಯೇ ಮಷಿನ್‌ಗೆ ಹಾಕಿಸುತ್ತೇನೆ.

ಚೀಲ ತುಂಬುವ ಮುನ್ನ ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ, ಕಾಲು ಗಂಟೆ ಇಡುತ್ತೇನೆ. ಉಪ್ಪು ಗಾಜಿಗೆ ಅಂಟಿದ್ದರೆ ಕಾಳನ್ನು ಮತ್ತೆ ಬಿಸಿಲಿಗೆ ಹರಡುತ್ತೇನೆ; ಅಂಟದೆ ಉದುರಿದರೆ ಚೀಲದ ಬಾಯಿ ಹೊಲಿಸುತ್ತೇನೆ.